ಭೇದಿ ನಿಂತ ಮೇಲೂ ಮಗುವಿನ ಕರುಳಿಗೆ ಕೆಲಸ ಬಾಕಿಯಿದೆ

ಮುಂಗಾರು ಹಿಡಿಯಿತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಬಾವಿ ನೀರು ಮೇಲೇರುತ್ತದೆ. ಗುಡ್ಡದ ಝರಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಕೆಂಪಾಗುತ್ತದೆ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ತೊಂದರೆ ಬರುವುದು ಬೇಸಿಗೆಯಲ್ಲಿ, ಟ್ಯಾಂಕರ್ ನೀರನ್ನು ಡ್ರಮ್ಮಿನಲ್ಲಿ ನಾಲ್ಕೈದು ದಿನ ಇಟ್ಟುಕೊಂಡು ಬಳಸುವಾಗ. ಚಳಿಗಾಲಕ್ಕೆ ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಇದೆ. ಹೀಗಾಗಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ವಾಂತಿಭೇದಿಗೆ ಇಂಥದೇ ತಿಂಗಳು ಎಂದು ಹೇಳುವಂತಿಲ್ಲ.

ಮನೆಯವರ ಕಣ್ಣೆಲ್ಲ ಭೇದಿ ಯಾವಾಗ ನಿಲ್ಲುತ್ತದೆ ಎನ್ನುವುದರ ಮೇಲೆಯೇ ಇರುತ್ತದೆ. ನಿಂತ ದಿನವೇ ನೀರಿಗೆ ಕಲಕಿ ಕುಡಿಸುವ ಉಪ್ಪು-ಗ್ಲೂಕೋಸಿನ ಓಆರ್‌ಎಸ್ ಪೊಟ್ಟಣ ಕಪಾಟು ಸೇರುತ್ತದೆ, ಜಿಂಕ್ ಮಾತ್ರೆಯ ಪಟ್ಟಿ ಅರ್ಧಕ್ಕೇ ಉಳಿಯುತ್ತದೆ. ಆದರೆ ಮಗು ಗುಣವಾಗುವುದು ಒಂದೇ ಏಟಿಗೆ ಅಲ್ಲ. ಕಳೆದುಹೋದ ನೀರು ಗಂಟೆಗಳ ಲೆಕ್ಕದಲ್ಲಿ ವಾಪಸು ಬರುತ್ತದೆ. ಕರುಳಿನ ಒಳಪದರ ಚಿಗುರಲು ದಿನಗಳು ಬೇಕು. ಇಳಿದ ತೂಕ ಏರಲು ವಾರಗಳೇ ಬೇಕು. ಮಗು ಮತ್ತೆ ಮತ್ತೆ ಮಲಗಿ ಸೊರಗುವುದು ಹೆಚ್ಚಾಗಿ ಈ ಕೊನೆಯ ಎರಡು ಘಟ್ಟಗಳಲ್ಲಿ ನಾವು ಆರೈಕೆ ಬಿಟ್ಟಾಗ.

ಸಸಿಮಡಿ ಉಳಿದಿರುತ್ತದೆ

ಸಣ್ಣ ಕರುಳಿನ ಒಳಗೋಡೆ ನುಣ್ಣಗಿಲ್ಲ. ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಲಕ್ಷಗಟ್ಟಲೆ ಪುಟ್ಟ ಬೆರಳುಗಳು ಎದ್ದು ನಿಂತಿರುತ್ತವೆ. ತಿಂದದ್ದು ರಕ್ತಕ್ಕೆ ಸೇರುವುದು ಈ ಬೆರಳುಗಳ ಮೂಲಕ. ಎರಡು ಬೆರಳುಗಳ ನಡುವಿನ ಗುಳಿಯಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ಬೆಳೆಯುತ್ತ ಮೇಲೇರುತ್ತವೆ, ಮೂರರಿಂದ ಐದು ದಿನಗಳಲ್ಲಿ ತುದಿ ಮುಟ್ಟಿ ಉದುರುತ್ತವೆ. ಆರೋಗ್ಯವಂತ ಮಗುವಿನಲ್ಲೂ ಈ ಕೆಲಸ ನಿಲ್ಲುವುದೇ ಇಲ್ಲ.

ರೋಟಾವೈರಸ್ ಹಾಳುಮಾಡುವುದು ತುದಿಯ ಬಲಿತ ಕೋಶಗಳನ್ನು. ದನ ನುಗ್ಗಿ ಪೈರಿನ ತಲೆ ಮೇದು ಹೋದ ಗದ್ದೆಯಂತಾಗುತ್ತದೆ ಕರುಳು. ಬೆರಳುಗಳು ಗಿಡ್ಡವಾಗುತ್ತವೆ, ನೀರು ಮತ್ತು ಆಹಾರ ಹೀರುವ ಜಾಗ ಕಡಿಮೆಯಾಗುತ್ತದೆ, ಹೀರದೆ ಉಳಿದದ್ದೆಲ್ಲ ಭೇದಿಯಾಗಿ ಹೊರಬರುತ್ತದೆ. ಆದರೆ ಗುಳಿಯೊಳಗಿನ ಸಸಿಮಡಿ ಬಹುಮಟ್ಟಿಗೆ ಉಳಿದಿರುತ್ತದೆ. ಆದ್ದರಿಂದಲೇ ಯಾವ ಆಂಟಿಬಯೋಟಿಕ್ಕೂ ಇಲ್ಲದೆ ಹೆಚ್ಚಿನ ಮಕ್ಕಳು ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆ ಸಸಿಗೆ ನೀರು, ಗೊಬ್ಬರ ಕೊಡುವುದು ನಮ್ಮ ಪಾಲಿನ ಕೆಲಸ.

ಎಲ್ಲ ಸೋಂಕೂ ಹೀಗೆ ನಡೆದುಕೊಳ್ಳುವುದಿಲ್ಲ. ಕಾಲರಾ ರೋಗಾಣು ಗೋಡೆಯನ್ನು ಕೆಡವುವುದಿಲ್ಲ. ಅದರ ವಿಷ ಕೋಶಗಳಿಂದ ನಲ್ಲಿ ಬಿಟ್ಟಂತೆ ನೀರು ಸುರಿಸುತ್ತದೆ. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ದೊಡ್ಡ ಕರುಳಿಗೆ ನುಗ್ಗಿ ಹುಣ್ಣು ಮಾಡುತ್ತದೆ. ಜ್ವರ, ಹೊಟ್ಟೆ ಹಿಂಡುವ ನೋವು, ರಕ್ತ ಮತ್ತು ಲೋಳೆ ಬೆರೆತ ಮಲ ಅದರ ಗುರುತು. ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರ ಬಳಿ ಹೋಗಬೇಕು, ಆಂಟಿಬಯೋಟಿಕ್ ಬೇಕಾಗುವುದು ಇಂಥ ಕಡೆಯೇ.

ಮೊದಲ ಕೆಲಸ ನೀರಿನದು

ಕರುಳಿನ ಕೋಶದ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಗೆ ಬಂದರೆ ಅದು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳ ಹಿಂದೆ ನೀರು ತಾನಾಗಿ ಹೋಗುತ್ತದೆ. ಎಷ್ಟೇ ಭೇದಿಯಿದ್ದರೂ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಓಆರ್‌ಎಸ್‌ನ ಗುಟ್ಟು ಇಷ್ಟೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿ ಸಾವಿರಾರು ಜೀವ ಉಳಿಸಿದರು. ಇಂದು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಡುವ ಪೊಟ್ಟಣದ ಹಿಂದೆ ಇರುವುದೂ ಇದೇ ತಿಳಿವಳಿಕೆ.

2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಈ ಅಳತೆ ತಪ್ಪಿದರೆ ಬಾಗಿಲು ಸರಿಯಾಗಿ ಕೆಲಸ ಮಾಡುವುದಿಲ್ಲ. ಪೊಟ್ಟಣದಲ್ಲಿ ಎರಡು ಬಗೆ: ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಯಾವುದೆಂದು ಓದಿಯೇ ಕತ್ತರಿಸಿ. ನಮ್ಮ ಕಡೆ ನಡೆಯುವ ದೊಡ್ಡ ತಪ್ಪು ಲೀಟರಿನ ಪೊಟ್ಟಣವನ್ನು "ಒಂದು ಲೋಟಕ್ಕೆ ಸ್ವಲ್ಪ" ಎಂದು ಅಂದಾಜಿನಲ್ಲಿ ಬೆರೆಸುವುದು. ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೆಳುವಾದರೆ ಉಪಯೋಗವಿಲ್ಲ. ಚೊಂಬಿನ ಅಳತೆ ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಒಂದು ಲೀಟರಿನ ನೀರಿನ ಬಾಟಲಿಯಲ್ಲೇ ಅಳೆಯಿರಿ. ಮೊದಲು ನೀರು ಕುದಿಸಿ ಆರಿಸಿ, ಆಮೇಲೆ ಪುಡಿ ಪೂರ್ತಿ ಹಾಕಿ ಕಲಕಿ. ಬೆರೆಸಿದ್ದನ್ನು ಮತ್ತೆ ಕಾಯಿಸಬಾರದು. ಸಕ್ಕರೆ, ಹಾಲು, ಜ್ಯೂಸ್ ಏನನ್ನೂ ಸೇರಿಸಬಾರದು. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ.

ಪ್ರತಿ ಸಲ ನೀರುಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ ಕೊಡಬೇಕು. ಫೀಡಿಂಗ್ ಬಾಟಲಿ ಬೇಡ, ಅದರ ನಿಪ್ಪಲ್ಲೇ ಸೋಂಕಿನ ಗೂಡು. ಒಳಲೆ ಅಥವಾ ಚಮಚ ಸಾಕು. ಕುಡಿದದ್ದು ವಾಂತಿಯಾಯಿತೆಂದು ಕೈಬಿಡಬೇಡಿ. ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಗಟಗಟ ಕುಡಿಸಿದರೆ ಹೊಟ್ಟೆ ಉಬ್ಬಿ ವಾಂತಿಯಾಗುವುದೇ ಹೆಚ್ಚು.

ಕಣ್ಣು ಗುಳಿಬಿದ್ದು, ಮಗು ಕಿರಿಕಿರಿ ಮಾಡುತ್ತ ನೀರಿಗೆ ಹಾತೊರೆಯುತ್ತಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ ನಿರ್ಜಲೀಕರಣ ಆರಂಭವಾಗಿದೆ ಎಂದರ್ಥ. ಆಗಿನ ಲೆಕ್ಕ ಬೇರೆ: ತೂಕದ ಪ್ರತಿ ಕಿಲೋಗೆ 75 ಮಿಲಿ, ನಾಲ್ಕು ಗಂಟೆಗಳಲ್ಲಿ. ಹತ್ತು ಕಿಲೋ ಮಗುವಿಗೆ ಅದು 750 ಮಿಲಿ, ಅಂದರೆ ಹೆಚ್ಚು ಕಡಿಮೆ ಒಂದೂವರೆ ನಿಮಿಷಕ್ಕೊಂದು ಟೀ ಚಮಚ. ಇದನ್ನು ಆರೋಗ್ಯ ಕೇಂದ್ರದಲ್ಲಿ, ನೋಡುವವರ ಎದುರಿಗೇ ಮಾಡುವುದು ಸರಿ. ಕುಡಿಸುತ್ತಿರುವಾಗ ಕಣ್ಣಿನ ರೆಪ್ಪೆ ಊದಿಕೊಂಡರೆ ಹೆಚ್ಚಾಯಿತೆಂದು ತಿಳಿದು ಓಆರ್‌ಎಸ್ ನಿಲ್ಲಿಸಿ, ಎದೆಹಾಲು ಅಥವಾ ಬರೀ ನೀರು ಕೊಡಿ.

ಪೊಟ್ಟಣ ಸಿಗದ ರಾತ್ರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಉಪ್ಪು ಹಾಕಿದ ಅಕ್ಕಿ ಗಂಜಿ ತಿಳಿ, ನೀರುಮಜ್ಜಿಗೆ ಕೂಡ ಒಳ್ಳೆಯದೇ. ಎಳನೀರಿನಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ, ಸೋಡಿಯಂ ಕಡಿಮೆ. ಜೊತೆಗೆ ಕೊಡಬಹುದು, ಓಆರ್‌ಎಸ್ ಬದಲಿಗೆ ಅಲ್ಲ. ಕೋಲಾ, ಡಬ್ಬಿಯ ಹಣ್ಣಿನ ರಸ ಬೇಡವೇ ಬೇಡ. ಅವುಗಳ ಸಾಂದ್ರತೆ ಓಆರ್‌ಎಸ್‌ಗಿಂತ ಎರಡು ಪಟ್ಟಿಗೂ ಹೆಚ್ಚು, ಆ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆದುಕೊಂಡು ಭೇದಿಯನ್ನು ಜಾಸ್ತಿ ಮಾಡುತ್ತದೆ. ಔಷಧದಂಗಡಿಯಲ್ಲೇ ಓಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಸಿಹಿ ಪೇಯಗಳ ಕಥೆಯೂ ಅದೇ. ಸೂತ್ರದಂತೆ ಇಲ್ಲದ ಪಾನೀಯಗಳು ಆ ಹೆಸರು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಬರೆದಿದೆಯೇ ನೋಡಿಕೊಳ್ಳಿ.

ಕಾಫಿ ಸೀಮೆಯಲ್ಲಿ ಹಾಲಿಲ್ಲದ ಕಾಫಿಗೆ ನಿಂಬೆಹಣ್ಣು ಹಿಂಡಿ ಕುಡಿಸುವ ಮದ್ದು ಬಹಳ ಹಳೆಯದು. ದೊಡ್ಡವರ ಮಾತು ಬೇರೆ. ಮಗುವಿಗೆ ಕೆಫೀನ್ ಕೊಟ್ಟರೆ ನಿದ್ದೆಗೆಟ್ಟು ಇನ್ನಷ್ಟು ಬಳಲುತ್ತದೆ, ಕಳೆದುಹೋದ ಉಪ್ಪು ಅದರಿಂದ ಬರುವುದಿಲ್ಲ.

ಹದಿನಾಲ್ಕು ದಿನದ ಮಾತ್ರೆ

ಭೇದಿಯಾದಾಗಲೆಲ್ಲ ಜಿಂಕ್ ಮಲದ ಮೂಲಕ ಸೋರಿಹೋಗುತ್ತದೆ. ಹೊಸ ಕೋಶಗಳು ಹುಟ್ಟುವುದಕ್ಕೂ ರೋಗನಿರೋಧಕ ಶಕ್ತಿಗೂ ಅದೇ ಬೇಕು. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳಿಂದ ಐದು ವರ್ಷದವರಿಗೆ 20 ಮಿಲಿಗ್ರಾಂ, ಒಟ್ಟು 14 ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಮಾತ್ರೆ 20 ಮಿಲಿಗ್ರಾಮಿನದು, ಹಾಗಾಗಿ ಎಳೆಯ ಮಗುವಿಗೆ ಅರ್ಧ. ಚಮಚದಲ್ಲಿ ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಹಾಕಿ ಮಾತ್ರೆ ಬಿಟ್ಟರೆ ಕರಗುತ್ತದೆ. ಲೋಹದ ರುಚಿಗೆ ಮಗು ಉಗುಳಬಹುದು, ಏನಾದರೂ ತಿಂದ ಮೇಲೆ ಕೊಟ್ಟರೆ ವಾಂತಿ ಕಡಿಮೆ. ಕಬ್ಬಿಣಾಂಶದ ಸಿರಪ್ ಕೊಡುತ್ತಿದ್ದರೆ ಎರಡರ ನಡುವೆ ಒಂದೆರಡು ಗಂಟೆ ಬಿಡಿ, ಒಂದು ಇನ್ನೊಂದನ್ನು ಹೀರಲು ಬಿಡುವುದಿಲ್ಲ.

ಮೂರನೇ ದಿನಕ್ಕೆ ಭೇದಿ ನಿಂತರೂ ಹದಿನಾಲ್ಕು ದಿನ ಏಕೆ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲ ಕೆಲವು ದಿನದ ಮಾತ್ರೆ ಈಗಿನ ಭೇದಿಗೆ, ಉಳಿದದ್ದು ಖಾಲಿಯಾದ ದಾಸ್ತಾನು ತುಂಬುವುದಕ್ಕೆ. ಪೂರ್ತಿ ಮುಗಿಸಿದ ಮಕ್ಕಳಲ್ಲಿ ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವ ಸಂಭವ ಕಡಿಮೆ.

ಲಂಘನ ಮಗುವಿಗಲ್ಲ

"ಲಂಘನಂ ಪರಮೌಷಧಂ" ಎಂದು ಹಿರಿಯರು ಹೇಳುತ್ತಾರೆ, ಭೇದಿಯಾದ ಮಗುವಿಗೆ ಎರಡು ದಿನ ಅನ್ನ ನಿಲ್ಲಿಸುತ್ತಾರೆ. ಅವರ ಕಾಳಜಿ ನಿಜವಾದದ್ದೇ, ಆದರೆ ಕರುಳಿನ ಲೆಕ್ಕ ಬೇರೆ. ಒಳಪದರದ ಕೋಶಗಳು ತಮಗೆ ಬೇಕಾದ ಪೋಷಣೆಯ ಬಹುಭಾಗವನ್ನು ಕರುಳಿನಲ್ಲಿ ಹರಿದು ಹೋಗುವ ಆಹಾರದಿಂದ ನೇರವಾಗಿ ಪಡೆಯುತ್ತವೆ. ಕರುಳು ಖಾಲಿಯಿದ್ದರೆ ಬೆರಳುಗಳು ಇನ್ನೂ ತೆಳುವಾಗುತ್ತವೆ. ಭೇದಿಯ ದಿನಗಳಲ್ಲೂ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದೇಹಕ್ಕೆ ಸೇರುತ್ತದೆ.

ಎದೆಹಾಲು ಒಂದು ಹೊತ್ತೂ ನಿಲ್ಲಬಾರದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ಆರು ಸಲದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ನುಚ್ಚಕ್ಕಿ ಮತ್ತು ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ ಒಂದು ಚಮಚ ತುಪ್ಪ ಹಾಕಿದರೆ ಶಕ್ತಿ, ಪ್ರೋಟೀನ್ ಎರಡೂ ಬಂತು. ಮೊಸರನ್ನ, ಇಡ್ಲಿ, ಹಣ್ಣಾದ ಏಲಕ್ಕಿ ಬಾಳೆ, ಬೇಯಿಸಿದ ಆಲೂಗೆಡ್ಡೆ, ಮೊಟ್ಟೆ ಎಲ್ಲ ನಡೆಯುತ್ತದೆ. ತುಪ್ಪ, ಎಣ್ಣೆ ಜೀರ್ಣವಾಗುವುದಿಲ್ಲ ಎಂಬ ಭಯ ಬೇಡ, ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 45 ಕಿಲೋ ಕ್ಯಾಲೊರಿ ಇದೆ. ಬರೀ ಗಂಜಿ ತಿಳಿಯಲ್ಲಿ ಇರುವುದು ನೀರೇ ಹೆಚ್ಚು, ನಾಲ್ಕು ದಿನ ಅದನ್ನೇ ಕುಡಿಸಿದರೆ ಅದೂ ಉಪವಾಸವೇ. ಅವರೆಕಾಳು, ಹಲಸಿನಹಣ್ಣು, ಖಾರದ ಸಾರು ಸ್ವಲ್ಪ ದಿನ ತಡೆಯಲಿ.

ರಾಗಿ ಸರಿಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಈ ಸೀಮೆಯ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಚೇತರಿಕೆಯ ಆಹಾರ ಇಲ್ಲ. ತೊಡಕೊಂದೇ. ಸರಿಯನ್ನು ಗಟ್ಟಿ ಮಾಡಿದರೆ ಮಗು ನುಂಗುವುದಿಲ್ಲ, ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮೊಳಕೆ ಇದಕ್ಕೆ ದಾರಿ ತೋರಿಸುತ್ತದೆ. ಮೊಳೆತ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒಂದೂವರೆ ದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಪೂರ್ತಿ ಒಣಗಿಸಿ, ಹುರಿಯದೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಒಂದು ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳಿ. ಹುರಿದರೆ ಕಿಣ್ವ ಸಾಯುತ್ತದೆ. ಎಂದಿನಂತೆ ಗಟ್ಟಿಯಾಗಿ ಸರಿ ಕಾಯಿಸಿ ಇಳಿಸಿ. ಕುದಿ ಅಡಗಿ, ಇನ್ನೂ ಚೆನ್ನಾಗಿ ಬಿಸಿಯಿರುವಾಗ ಒಂದು ಟೀ ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿದರೆ ಐದು ನಿಮಿಷದಲ್ಲಿ ಅದು ನೀರಾಗುತ್ತದೆ. ಹಸಿ ಹಿಟ್ಟು ಸೇರಿರುವುದರಿಂದ ಮತ್ತೊಂದು ಕುದಿ ಬರಿಸಿ ಆರಿಸಿ ಕೊಡಿ. ಅಷ್ಟೇ ಹಿಟ್ಟು, ಅಷ್ಟೇ ಶಕ್ತಿ, ಆದರೆ ಮಗು ಸಲೀಸಾಗಿ ಕುಡಿಯುತ್ತದೆ. ಮಲೆನಾಡಿನಲ್ಲಿ ಇದನ್ನು ಏಪ್ರಿಲ್ ಬಿಸಿಲಿನಲ್ಲೇ ಮಾಡಿಟ್ಟುಕೊಳ್ಳುವುದು ಲೇಸು. ಮಳೆಗಾಲದಲ್ಲಿ ಒಣಗದೆ ಬೂಷ್ಟು ಹಿಡಿದ ಹಿಟ್ಟನ್ನು ಮಗುವಿಗೆ ಕೊಡಲೇಬಾರದು.

ಹಾಲು ಕುಡಿದೊಡನೆ ನೊರೆಭೇದಿ

ವಾಂತಿ ನಿಂತಿದೆ, ಜ್ವರ ಬಿಟ್ಟಿದೆ, ಮಗು ಆಡುತ್ತಿದೆ. ಆದರೆ ಹಸುವಿನ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ, ಗ್ಯಾಸು, ಹುಳಿವಾಸನೆಯ ನೊರೆನೊರೆ ಭೇದಿ, ಕುಂಡೆ ಕೆಂಪಾಗಿ ಉರಿ. ಇದು ಹೊಸ ಸೋಂಕಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಇರುವುದು ಬೆರಳಿನ ತುದಿಯ ಬಲಿತ ಕೋಶಗಳಲ್ಲಿ. ಅವೇ ಉದುರಿ ಹೋಗಿವೆ. ಹೊಸ ಕೋಶ ತುದಿ ಮುಟ್ಟಿ ಬಲಿಯುವ ತನಕ ಲ್ಯಾಕ್ಟೋಸ್ ಹಾಗೇ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ.

ಆಗ ಹಾಲನ್ನು ಒಂದೆರಡು ವಾರ ಮೊಸರಾಗಿಸಿ ಕೊಡಿ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದು ಮುಗಿಸಿರುತ್ತವೆ. ಇಲ್ಲವೇ ಸ್ವಲ್ಪ ಹಾಲನ್ನು ಗಂಜಿಗೆ ಬೆರೆಸಿ. ಅಂಗನವಾಡಿಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿಯುವ ಮಗುವಾದರೆ ಕೆಲವು ದಿನ ಬೇಡವೆಂದು ಟೀಚರಿಗೆ ಹೇಳಿ. ಎದೆಹಾಲನ್ನು ಮಾತ್ರ ಈ ಕಾರಣಕ್ಕೆ ನಿಲ್ಲಿಸಬೇಡಿ. ಲಕ್ಷಣ ಇಲ್ಲದ ಮಗುವಿಗೆ ಮುಂಜಾಗ್ರತೆ ಎಂದು ಹಾಲು ಬಿಡಿಸುವುದೂ ತಪ್ಪೇ.

ಚೇತರಿಸಿಕೊಳ್ಳುವ ದಿನಗಳಲ್ಲಿ ಗಾಬರಿ ಹುಟ್ಟಿಸುವ ಬೇರೆ ಸಂಗತಿಗಳೂ ಇವೆ. ಮಲ ಹಸಿರಾಗಿ ಬಂದರೆ ಪಿತ್ತರಸ ಬೇಗ ಇಳಿದು ಬಂದಿದೆ ಅಷ್ಟೇ. ಉಣ್ಣುತ್ತಿದ್ದಂತೆಯೇ ಕಕ್ಕ ಬರುವುದು ಹೊಟ್ಟೆ ತುಂಬಿದಾಗ ಕರುಳು ಚಲಿಸುವ ಸಹಜ ಕ್ರಿಯೆ. ಭೇದಿ ನಿಂತ ಮೇಲೆ ಎರಡು ದಿನ ಕಕ್ಕವೇ ಬಾರದಿದ್ದರೆ ಒಳಗೆ ಏನೂ ಇಲ್ಲ ಎಂದರ್ಥ, ಮಲಬದ್ಧತೆಯಲ್ಲ. ಎಷ್ಟು ಸಲ ಹೋಯಿತು ಎಂದು ಎಣಿಸುವುದಕ್ಕಿಂತ ಎಷ್ಟು ಸಲ ಉಚ್ಚೆ ಮಾಡಿತು, ಆಡುತ್ತಿದೆಯೇ, ಹಸಿವು ತೋರುತ್ತಿದೆಯೇ ಎಂದು ನೋಡುವುದು ಮೇಲು.

ಬೇಡದ ಔಷಧಗಳು, ಕಾಯಬಾರದ ಹೊತ್ತು

ದೊಡ್ಡವರು ನುಂಗುವ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಪುಡಿಮಾಡಿ ಮಕ್ಕಳಿಗೆ ಕೊಡಬೇಡಿ. ಅದು ಕರುಳಿನ ಚಲನೆಯನ್ನೇ ನಿಲ್ಲಿಸುತ್ತದೆ, ಹೊಟ್ಟೆ ಉಬ್ಬಿ ಜೀವಕ್ಕೇ ಅಪಾಯವಾಗಬಹುದು. ಹೋದ ಸಲ ಉಳಿದ ಆಂಟಿಬಯೋಟಿಕ್ ಸಿರಪ್ ವೈರಸ್ಸಿಗೆ ಏನೂ ಮಾಡುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಭೇದಿಯನ್ನು ಎಳೆಯುತ್ತದೆ. ಜ್ವರಕ್ಕೆ ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಸಿರಪ್‌ಗಳು ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

"ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಎಂಬ ಮಾತಿನಿಂದ ಎಷ್ಟೋ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಹಲ್ಲು ಬರುವ ವಯಸ್ಸಿನಲ್ಲೇ ಮಗು ಅಂಬೆಗಾಲಿಟ್ಟು ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ಮೇಲಿನ ಆಹಾರ ಶುರುವಾಗುತ್ತದೆ, ಅಮ್ಮನಿಂದ ಬಂದ ರಕ್ಷಣೆ ಕರಗುತ್ತದೆ. ಭೇದಿ ಬರುವುದು ಇವುಗಳಿಂದ, ಹಲ್ಲಿನಿಂದಲ್ಲ.

ಮಗು ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಕುಡಿಯಲು ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆರೆಂಟು ಗಂಟೆ ಉಚ್ಚೆ ಇಲ್ಲದಿದ್ದರೆ, ನೆತ್ತಿ ಒಳಗಿಳಿದಿದ್ದರೆ, ಫಿಟ್ಸ್ ಬಂದರೆ, ವಾಂತಿ ಹಸಿರಾಗಿದ್ದರೆ ತಕ್ಷಣ ಹೊರಡಿ. ಬಿಟ್ಟು ಬಿಟ್ಟು ಕಿರುಚಿ ಅತ್ತು ಕೆಂಪು ಜೆಲ್ಲಿಯಂಥ ಮಲ ಬಂದರೆ ಕರುಳು ಕರುಳಿನೊಳಗೆ ಸಿಕ್ಕಿಕೊಂಡಿರಬಹುದು, ಅದಕ್ಕೆ ಗಂಟೆಗಳೊಳಗೆ ಚಿಕಿತ್ಸೆ ಬೇಕು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಕಾದು ನೋಡುವ ಮಾತೇ ಇಲ್ಲ. ಎಸ್ಟೇಟಿನ ಲೈನ್ ಮನೆಗಳಿಂದ, ಒಂಟಿ ಮನೆಗಳಿಂದ ತಾಲೂಕು ಆಸ್ಪತ್ರೆಗೆ ಮಳೆಯಲ್ಲಿ ಘಾಟಿ ರಸ್ತೆ ಹಿಡಿದು ಹೋಗಬೇಕು, ಮರ ಬಿದ್ದರೆ ದಾರಿಯೇ ಇಲ್ಲ. ಅಲ್ಲಿರುವವರು ಪೇಟೆಯವರಿಗಿಂತ ಮುಂಚೆಯೇ, ಕತ್ತಲಾಗುವ ಮೊದಲೇ 108ಕ್ಕೆ ಕರೆ ಮಾಡಬೇಕು. ಮಗುವಿಗೆ ನುಂಗಲು ಆಗುತ್ತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಲೇ ಇರಿ.

ರಕ್ತಭೇದಿ ವಾಸಿಯಾದಂತೆ ಕಂಡು ಒಂದು ವಾರದಲ್ಲಿ ಮಗು ಬಿಳಚಿಕೊಂಡು, ಮುಖ ಊದಿ, ಉಚ್ಚೆ ಕಡಿಮೆಯಾದರೆ ಮೂತ್ರಪಿಂಡಕ್ಕೆ ತೊಂದರೆಯಾಗಿರುವ ಸೂಚನೆ. ಅಪರೂಪ, ಆದರೆ ತಡಮಾಡಬಾರದು. ಭೇದಿ 14 ದಿನ ದಾಟಿದರೆ ಅದು ಬೇರೆಯೇ ಕಾಯಿಲೆ ಎಂದು ತಿಳಿದು ತೋರಿಸಿ. ಮಲ ಜಿಡ್ಡಾಗಿ, ದುರ್ವಾಸನೆಯಿಂದ ತೇಲುತ್ತಿದ್ದರೆ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಇರಬಹುದು, ಮಲಪರೀಕ್ಷೆಯಿಂದ ಗೊತ್ತಾಗುತ್ತದೆ.

ಮನೆಯಲ್ಲಿ, ಅಂಗನವಾಡಿಯಲ್ಲಿ

ಭೇದಿ ನಿಂತ ಮೇಲೂ ಒಂದೆರಡು ವಾರ ಮಲದಲ್ಲಿ ರೋಟಾವೈರಸ್ ಹೊರಬರುತ್ತಿರಬಹುದು. ಕಕ್ಕ ತೊಳೆದ ಕೈಯನ್ನು ಸೋಪಿನಿಂದಲೇ ತೊಳೆಯಬೇಕು, ಬೂದಿ ಅಥವಾ ಬರೀ ನೀರು ಸಾಲದು. ಮಗುವಿನ ಮಲ ನಿರುಪದ್ರವಿ ಎಂದು ಹಿತ್ತಲಿಗೆ ಎಸೆದರೆ ಮೊದಲ ಮಳೆಗೇ ಅದು ಬಾವಿ ಸೇರುತ್ತದೆ, ಕಕ್ಕಸಿಗೇ ಹಾಕಿ. ಕೆಂಪು ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ. ಕೊನೆಯ ನೀರುಭೇದಿಯಾಗಿ ಎರಡು ದಿನ ಕಳೆಯುವವರೆಗೆ ಅಂಗನವಾಡಿಗೆ ಕಳಿಸಬೇಡಿ. ರೋಟಾವೈರಸ್ ಲಸಿಕೆಯನ್ನು ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಉಚಿತವಾಗಿ ಹಾಕುತ್ತಾರೆ, ಮನೆಯಲ್ಲಿ ಕೂಸಿದ್ದರೆ ತಪ್ಪಿಸಬೇಡಿ.

ಇನ್ನು ತೂಕ. ಕಾಯಿಲೆ ಬಿಟ್ಟ ಮೇಲೆ ಕನಿಷ್ಠ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ಉಣಿಸಬೇಕು. ಚೇತರಿಸಿಕೊಳ್ಳುವ ಮಗುವಿಗೆ ಹಸಿವು ಜೋರಾಗಿರುತ್ತದೆ, ಕೆಟ್ಟ ಹಸಿವೆಂದು ತಡೆಯಬೇಡಿ. ವಾರಕ್ಕೊಮ್ಮೆ ಅದೇ ಅಂಗನವಾಡಿಯ ಅದೇ ತಕ್ಕಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ನಾಲ್ಕು ವಾರ ಕಳೆದರೂ ಕಾರ್ಡಿನ ತೂಕದ ಗೆರೆ ಕಾಯಿಲೆಯ ಮುಂಚಿನ ಜಾಗಕ್ಕೆ ಏರದಿದ್ದರೆ, ಅಥವಾ ಎರಡೂ ಪಾದ ಊದಿಕೊಂಡರೆ, ಅದೇ ಕಾರ್ಡು ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ ಪೌಷ್ಟಿಕ ಪುನಶ್ಚೇತನ ಕೇಂದ್ರದ ಬಗ್ಗೆ ಕೇಳಿ.